ಗಂಟೆ ಬಾರಿಸದ ರಾತ್ರಿಯೂ ನಿದ್ದೆ ಬಾರದೇಕೆ?

ಈ ವಾರ ಒಂದೇ ಪತ್ರಕ್ಕೆ ಉತ್ತರಿಸುತ್ತಿದ್ದೇನೆ. ಅದನ್ನು ಓದಿ ಮುಗಿಸಿದ ಮೇಲೆ ಉಳಿದವನ್ನು ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಬರೆದವರು ದಾವಣಗೆರೆ ಕಡೆಯ ಪ್ರೌಢಶಾಲಾ ಶಿಕ್ಷಕಿ. ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ಹೊಡೆದು ಅತ್ತೆಯವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದಂದಿನಿಂದ ಇವರು ಅವರ ಕೋಣೆಯಲ್ಲೇ ನೆಲದ ಮೇಲೆ ಹಾಸಿಕೊಂಡು ಮಲಗುತ್ತಾರೆ. ಪತಿ ಬಸ್ ಚಾಲಕರು, ವಾರದಲ್ಲಿ ಅರ್ಧದಷ್ಟು ರಾತ್ರಿ ಮನೆಯಲ್ಲಿರುವುದಿಲ್ಲ. ಕೆಲವು ತಿಂಗಳಿಂದ ಇವರಿಗೆ ಎದೆಬಡಿತ, ಹೊಟ್ಟೆಯುಬ್ಬರ, ಕುತ್ತಿಗೆಯ ಬಿಗಿತ, ಬೆಳಿಗ್ಗೆ ಏಳುವಾಗ ದವಡೆನೋವು. ಮಕ್ಕಳ ಮೇಲೆ ಕಾರಣವಿಲ್ಲದೆ ರೇಗಾಟ. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲವೂ ನಾರ್ಮಲ್ ಎಂದು ಬಂದ ಮೇಲೆ ವೈದ್ಯರು ‘ಟೆನ್ಶನ್ ಮಾಡಿಕೊಳ್ಳಬೇಡಿ’ ಎಂದು ಹೇಳಿ ಕಳುಹಿಸಿದ್ದಾರೆ. ಮನೆಯವರು ಕೆಲಸ ಬಿಡು ಎನ್ನುತ್ತಿದ್ದಾರೆ. ಬಿಡಲೇ ಎಂಬುದು ಇವರ ಪ್ರಶ್ನೆ.

ಬಿಡಬೇಡಿ. ಏಕೆಂಬುದನ್ನು ಹೇಳುವ ಮೊದಲು, ನೀವು ಮೂರನೆಯ ಪುಟದಲ್ಲಿ ‘ಓದಿ ನಗಬೇಡಿ’ ಎಂಬ ಕೋರಿಕೆಯೊಂದಿಗೆ ಬರೆದು ಮುಂದೆ ಸಾಗಿದ ಎರಡು ಸಾಲುಗಳ ಬಳಿ ನಾನು ನಿಲ್ಲಬೇಕಾಗಿದೆ. ರಾತ್ರಿ ಕರೆಯಲು ಅನುಕೂಲವಾಗಲೆಂದು ಅತ್ತೆಯವರ ಎಡಗೈಗೆ ಎಟಕುವಂತೆ ದೇವರಮನೆಯ ಸಣ್ಣ ಹಿತ್ತಾಳೆ ಗಂಟೆಯನ್ನು ಇಟ್ಟಿದ್ದೀರಿ. ಈಗ ಶಾಲೆಯಲ್ಲಿ ಪೀರಿಯಡ್ ಮುಗಿದ ಗಂಟೆ ಕೇಳಿದರೂ ನಿಮ್ಮ ಎದೆ ಧಸಕ್ಕೆನ್ನುತ್ತದೆ, ಕೈಯಲ್ಲಿದ್ದ ಸೀಮೆಸುಣ್ಣ ಬೀಳುತ್ತದೆ. ಅತ್ತೆ ಗಂಟೆಯನ್ನೇ ಮುಟ್ಟದ ರಾತ್ರಿಯೂ ನಿಮಗೆ ನಾಲ್ಕಾರು ಬಾರಿ ಎಚ್ಚರವಾಗುತ್ತದೆ. ಎದೆಬಡಿತದ ಬಗ್ಗೆ ಒಂದು ಪುಟ ತುಂಬ ಬರೆದ ನೀವು ಇದನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಮಟ್ಟಿಗೆ ಪತ್ರದ ತಿರುಳು ಅಲ್ಲಿಯೇ ಇದೆ.

ಅಪಾಯ ಎದುರಾದಾಗ ಹೋರಾಡಲು ಇಲ್ಲವೇ ಓಡಲು ದೇಹ ಹೇಗೆ ಸಜ್ಜಾಗುತ್ತದೆ ಎಂಬುದನ್ನು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ನಮ್ಮ ಅಪ್ಪಣೆಗೆ ಕಾಯದೆ ನಡೆಯುವ ನರವ್ಯವಸ್ಥೆಯ ಸಿಂಪಥೆಟಿಕ್ ಶಾಖೆ ಕ್ಷಣಾರ್ಧದಲ್ಲಿ ಚುರುಕಾಗುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರಿ ಹೃದಯದ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ, ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕೂಡ ಹೆಚ್ಚುತ್ತದೆ. ಅಪಾಯ ಕಳೆದ ಮೇಲೆ ಇದನ್ನೆಲ್ಲ ಇಳಿಸುವ ಹೊಣೆ ಪ್ಯಾರಾಸಿಂಪಥೆಟಿಕ್ ಶಾಖೆಯದು. ಅದರ ಮುಖ್ಯ ದಾರಿ ಮೆದುಳಿನ ಬುಡದಿಂದ ಹೃದಯ, ಕರುಳುಗಳವರೆಗೆ ಇಳಿಯುವ ವೇಗಸ್ ನರ. ಹೀಗೆ ಇಳಿಯಲು ದೇಹಕ್ಕೆ ದೊರೆಯುವ ಅತಿ ದೊಡ್ಡ ಅವಕಾಶವೆಂದರೆ ರಾತ್ರಿಯ ಗಾಢನಿದ್ರೆ. ಆರೋಗ್ಯವಂತರ ರಕ್ತದೊತ್ತಡ ರಾತ್ರಿಯಲ್ಲಿ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ತಗ್ಗುತ್ತದೆ. ನಿಮಗೆ ಎರಡು ವರ್ಷಗಳಿಂದ ತಪ್ಪಿಹೋಗಿರುವುದು ಆ ಅವಕಾಶ. ದವಡೆ ನೋಯುವುದು ನೀವು ನಿದ್ದೆಯಲ್ಲಿ ಹಲ್ಲು ಕಚ್ಚುವುದರಿಂದ ಇರಬಹುದು. ಹೊಟ್ಟೆಯೂ ಕುತ್ತಿಗೆಯೂ ಅದೇ ಬಿಗಿಯನ್ನು ತಮ್ಮ ರೀತಿಯಲ್ಲಿ ಹೇಳುತ್ತಿವೆ.

ಗಂಟೆ ಬಾರಿಸದ ರಾತ್ರಿಯೂ ಎಚ್ಚರವಾಗುವುದನ್ನು ನೀವು ನಿಮ್ಮ ದೌರ್ಬಲ್ಯವೆಂದು ಎಣಿಸಿದ್ದೀರಿ. ಸ್ವೀಡನ್ನಿನ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ಸಂಗತಿಯನ್ನೇ ನೋಡಿದೆ. ರಾತ್ರಿ ಅಲಾರಂ ಬಂದರೆ ಎದ್ದು ಹೋಗಬೇಕಾದ ಹಡಗಿನ ಎಂಜಿನಿಯರುಗಳ ಮೆದುಳು ಮತ್ತು ಹೃದಯದ ಚಟುವಟಿಕೆಯನ್ನು ಅವರು ದಾಖಲಿಸಿದರು. ಅಂಥ ರಾತ್ರಿಗಳಲ್ಲಿ ಗಾಢನಿದ್ರೆ ಕಡಿಮೆಯಾಗಿತ್ತು, ಹೃದಯದ ಬಡಿತ ಹೆಚ್ಚಿತ್ತು. ಮುಖ್ಯವಾದ ಮಾತೆಂದರೆ, ಇವುಗಳಲ್ಲಿ ಎಷ್ಟೋ ಬದಲಾವಣೆಗಳು ಅಲಾರಂ ಹೊಡೆಯುವ ಮೊದಲೇ ಕಾಣಿಸಿಕೊಂಡಿದ್ದವು. ಕರೆ ಬರಬಹುದು ಎಂಬ ಕಾಯುವಿಕೆಯೇ ಸಾಕಾಗಿತ್ತು. ಸಮುದ್ರದ ಮೇಲೆ ದುಡಿಯುವ ಗಟ್ಟಿಮುಟ್ಟಾದ ಗಂಡಸರ ಪಾಡು ಹಾಗಿರುವಾಗ, ಹಗಲೆಲ್ಲ ತರಗತಿಯಲ್ಲಿ ನಿಂತು ಪಾಠ ಹೇಳಿ ಬಂದು ರಾತ್ರಿಯಿಡೀ ಕಿವಿ ತೆರೆದು ಮಲಗುವ ನಿಮ್ಮಲ್ಲಿ ದೋಷ ಹುಡುಕುವುದು ಅನ್ಯಾಯ.

ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ: ರಿಪೋರ್ಟ್ ನಾರ್ಮಲ್ ಎಂದು ಬಂದರೆ ಕೆಲವು ಕಾಯಿಲೆಗಳು ಇಲ್ಲ ಎಂದು ತಿಳಿಯಿತು, ಅಷ್ಟೇ, ನೋವು ಇಲ್ಲವೆಂದು ಯಾವ ರಿಪೋರ್ಟೂ ಹೇಳುವುದಿಲ್ಲ. ಪ್ರಾಣಾಯಾಮದ ಬಗ್ಗೆಯೂ ಕೇಳಿದ್ದೀರಿ. ಉಸಿರನ್ನು ನಿಧಾನವಾಗಿ ಹೊರಬಿಡುವಾಗ ವೇಗಸ್ ನರದ ಮೂಲಕ ಹೃದಯದ ಬಡಿತ ಇಳಿಯುವುದು ನಿಜ, ಖಂಡಿತ ಮಾಡಿ. ಆದರೆ ಕರೆಗಂಟೆಯನ್ನು ತಲೆದೆಸೆಯಲ್ಲೇ ಇಟ್ಟುಕೊಂಡು ಅದೊಂದನ್ನೇ ನೆಚ್ಚಿಕೊಳ್ಳುವುದು ಸೋರುವ ಸೂರನ್ನು ಹಾಗೇ ಬಿಟ್ಟು ನೆಲ ಒರೆಸಿದಂತೆ.

ಇನ್ನು ನಿಮ್ಮ ಮನೆಯವರ ವಿಷಯ. ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ. ಮಗ್ಗುಲು ಬದಲಿಸಲೂ ಆಗದೆ ಕತ್ತಲಲ್ಲಿ ಒಬ್ಬರೇ ಇರುವ ಭಯ ಸಣ್ಣದಲ್ಲ. ಪತಿಯ ಮೇಲೂ ಹೆಚ್ಚಿಲ್ಲ. ನಿದ್ದೆಗೆಟ್ಟ ಚಾಲಕನ ಕೈಯಲ್ಲಿ ಐವತ್ತು ಜನರ ಜೀವವಿರುತ್ತದೆ. ನನಗೆ ಸಿಟ್ಟು ಬಂದಿರುವುದು ಅದೇ ಮನೆಯ ಮಹಡಿಯ ಮೇಲೆ ಬಾಗಿಲು ಹಾಕಿಕೊಂಡು ಮಲಗುವ ನಿಮ್ಮ ಮೈದುನನ ಮೇಲೆ. ‘ಅಮ್ಮನಿಗೆ ಅತ್ತಿಗೆಯೇ ಸರಿ, ನಾನು ಮುಟ್ಟಿದರೆ ಸಂಕೋಚಪಡುತ್ತಾಳೆ’ ಎಂಬ ಅವರ ಮಾತನ್ನು ನೀವು ಒಪ್ಪಿಗೆಯ ಧಾಟಿಯಲ್ಲೇ ಬರೆದಿದ್ದೀರಿ. ನಿಮ್ಮ ಪತ್ರದ ಪ್ರಕಾರವೇ ಅತ್ತೆ ಗಂಟೆ ಬಾರಿಸುವುದು ಹೆಚ್ಚಾಗಿ ನೀರಿಗಾಗಿ, ಮಗ್ಗುಲು ಬದಲಿಸಲು, ಇಲ್ಲವೇ ಯಾರಾದರೂ ಇದ್ದಾರೆಯೇ ಎಂದು ತಿಳಿಯಲು. ಇದರಲ್ಲಿ ಹೆತ್ತ ಮಗ ಮಾಡಬಾರದ್ದು ಏನಿದೆ? ರೋಗಿಯ ಆರೈಕೆ ಮನೆಯ ಹೆಂಗಸಿನ ಪಾಲಿಗೆ ತಾನಾಗಿ ಬರುತ್ತದೆಂಬ ನಂಬಿಕೆಯನ್ನು ನಾನು ಎಂದೂ ಒಪ್ಪಿಲ್ಲ. ಆದ್ದರಿಂದಲೇ ಅವರ ಬದಲು ಅವರ ಹೆಂಡತಿಯನ್ನು ಕೆಳಗೆ ಕಳುಹಿಸುವುದಕ್ಕೂ ಒಪ್ಪುವುದಿಲ್ಲ.

ಹಾಗಾಗಿ ನಾನು ಹೇಳುವುದು ಒಂದೇ. ವಾರದಲ್ಲಿ ಮೂರು ರಾತ್ರಿ, ಸೋಮವಾರ, ಬುಧವಾರ, ಶುಕ್ರವಾರ, ಮೈದುನ ತಾಯಿಯ ಕೋಣೆಯಲ್ಲಿ ಮಲಗಬೇಕು. ನೀವು ಗಂಟೆಯ ಸದ್ದು ಕೇಳಿಸದ ಕೋಣೆಯಲ್ಲಿ ಕದ ಹಾಕಿಕೊಂಡು ಮಲಗಬೇಕು. ಅತ್ತೆಯವರ ಸಂಕೋಚಕ್ಕೆ, ನೀವು ಮಲಗಲು ಹೋಗುವ ಮೊದಲು ಶೌಚ ಮುಗಿಸಿಕೊಡಿ. ಮೊದಲ ಕೆಲವು ರಾತ್ರಿ ನಿಮಗೆ ಅಲ್ಲಿಯೂ ಎಚ್ಚರವಾಗುತ್ತದೆ. ಎದ್ದು ನೋಡಲು ಹೋಗಬೇಡಿ. ಎರಡು ವರ್ಷ ಕಾವಲು ಕಾಯ್ದ ನರಗಳು ಕಾವಲು ಬಿಡಲು ವಾರಗಳನ್ನೇ ತೆಗೆದುಕೊಳ್ಳುತ್ತವೆ. ಕೆಲಸ ಬಿಟ್ಟರೆ ಹಗಲಿನ ಗಂಟೆಯೂ ನಿಮ್ಮ ಪಾಲಿಗೇ ಬರುತ್ತದೆ, ಆದ್ದರಿಂದ ರಾಜೀನಾಮೆಯ ಮಾತು ಬೇಡ. ಇದರ ನಡುವೆ ಎದೆನೋವು ಅಥವಾ ತಲೆಸುತ್ತು ಬಂದರೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು. ಮೈದುನನಿಗೆ ಈ ಮಾತನ್ನು ನೀವು ಹೇಳಬೇಡಿ. ರಜೆಯ ದಿನ, ಅತ್ತೆಯವರ ಎದುರಿನಲ್ಲೇ, ನಿಮ್ಮ ಪತಿ ತಮ್ಮನನ್ನು ಕೂರಿಸಿಕೊಂಡು ಹೇಳಲಿ.