ಪಕ್ಕದವರ ಕೊಳವೆಬಾವಿಯೂ ನಿಮ್ಮ ಬತ್ತಿದ ಬಾವಿಯೂ

ಉಡುಪಿ ಬಳಿಯ ಹಿರಿಯಡ್ಕದ ನಿಮ್ಮ ಮನೆಬಾವಿ, ಪಕ್ಕದವರು ಕೊಳವೆಬಾವಿ ಕೊರೆಸಿದ ಮೇಲೆ ಮಾರ್ಚಿನಲ್ಲೇ ಬತ್ತಿತು, ಕೇಸು ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು, ಗೆಲ್ಲುವುದು ಕಷ್ಟ. ನಿರ್ದಿಷ್ಟ ಹರಿವಿಲ್ಲದ ನೆಲದಡಿಯ ನೀರನ್ನು ತನ್ನ ಜಾಗದೊಳಗೆ ಎತ್ತುವ ಹಕ್ಕು ಭೂಮಾಲೀಕನದು ಎನ್ನುತ್ತದೆ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ದಾರಿ, ನೀರಿನಂಥ ನೆರೆಹೊರೆಯ ಹಕ್ಕುಗಳ ಕಾನೂನು. ಸಬ್‌ಮರ್ಸಿಬಲ್ ಪಂಪು ಕಾಣದ ಕಾಲದ ಕಾನೂನು, ಇಂದಿಗೂ ತೊಡಕಾಗಿ ಕುಳಿತಿದೆ.

ನಿಮಗೆ ಹಿಡಿತ ಸಿಗಬಹುದಾದದ್ದು ಕುಡಿಯುವ ನೀರಿನ ಮೂಲಗಳ ರಕ್ಷಣೆಗಾಗಿ ರಾಜ್ಯ ತಂದ 1999ರ ಅಂತರ್ಜಲ ಕಾಯ್ದೆಯಲ್ಲಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ನಿಮ್ಮ ಖಾಸಗಿ ಬಾವಿಗೆ ಈ ರಕ್ಷಣೆ ಇಲ್ಲ. ಹತ್ತಿರ ಪಂಚಾಯತಿನ ಕುಡಿಯುವ ನೀರಿನ ಬಾವಿ ಇದ್ದರೆ ಮೊದಲು ಅದಕ್ಕೂ ಪಕ್ಕದವರ ಕೊಳವೆಬಾವಿಗೂ ಇರುವ ಅಂತರ ಅಳೆಯಿರಿ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ನಮ್ಮ ಕಡೆ ತೆರೆದ ಬಾವಿಗೆ ಒರತೆ ಬರುವುದು ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲು) ಪದರದಿಂದ. ಅದರಡಿ ಶೇಡಿ ಎಂಬ ಮೆದು ಜೇಡಿಮಣ್ಣು, ಆಮೇಲೆ ಕರಿಬಂಡೆ. ಕೊಳವೆಬಾವಿಯ ಕೇಸಿಂಗ್ ಪೈಪು (ಮಣ್ಣು ಕುಸಿಯದಂತೆ ಇಳಿಸುವ ಹೊರಕೊಳವೆ) ಬಂಡೆಯವರೆಗೆ ಇಳಿದು ಭದ್ರವಾಗಿ ಕೂರದಿದ್ದರೆ ಮೇಲಿನ ನೀರು ಸಂದಿನಲ್ಲಿ ಕೆಳಗಿಳಿಯುತ್ತದೆ. ಪೈಪು ಎಷ್ಟು ಅಡಿ ಇಳಿಸಿದ್ದಾರೆಂದು ನೆರೆಯವರನ್ನೇ ವಿಚಾರಿಸಿ, ಜಗಳದ ಮೊದಲು. ಉತ್ತರ ಸಿಗದಿದ್ದರೆ ಅಂತರ್ಜಲ ಇಲಾಖೆಯ ಜಿಲ್ಲಾ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ಥಳ ಪರಿಶೀಲನೆ ಕೇಳಿ, ಸ್ವೀಕೃತಿ ಪಡೆಯಿರಿ.