ಹೇಳಿಸಿದ್ದು ಸಾಕು, ಇನ್ನು ನೀವೇ ಹೇಳಿ

ಈ ವಾರ ಒಂದು ಪತ್ರ ಓದಿ ನನಗೆ ಸಿಟ್ಟು ಬಂತು. ಬರೆದ ಹುಡುಗನ ಮೇಲೆ ಅಷ್ಟಾಗಿ ಅಲ್ಲ, ಅವನ ಮಾವನ ಮೇಲೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪತ್ರದ ಸಾರ ಇಷ್ಟು. ವಯಸ್ಸು 27, ಮನೆ ಲಗ್ಗೆರೆಯಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಸಿಎನ್‌ಸಿ ಯಂತ್ರದ ಆಪರೇಟರ್ ಆಗಿ ಸೇರಿದರು. ಐದು ವರ್ಷವಾಯಿತು, ಇನ್ನೂ ಆಪರೇಟರೇ. "ಜಾಬ್ (ಕಡಿಯಬೇಕಾದ ತುಂಡು) ಹಾಕೋದು, ಬಟನ್ ಒತ್ತೋದು, ತೆಗೆಯೋದು, ಅಳತೆ ನೋಡೋದು. ಇಷ್ಟೇ ಮೇಡಂ ನನ್ನ ಜೀವನ." ಹತ್ತಿರ ಹೋದರೆ, ಯಂತ್ರಕ್ಕೆ ಟೂಲ್ ಮತ್ತು ಅಳತೆ ಹೊಂದಿಸುವ ಸೆಟ್ಟರ್ ಸ್ಕ್ರೀನ್‌ಗೆ ಬೆನ್ನು ಅಡ್ಡ ಕೊಡುತ್ತಾನಂತೆ. ಎರಡು ವರ್ಷದ ಹಿಂದೆ ಹೆಲ್ಪರ್ ಆಗಿ ಬಂದ ರಾಯಚೂರಿನ ಹುಡುಗ ಈಗ ಸೆಟಿಂಗ್ ಮಾಡುತ್ತಾನಂತೆ. "ಅವನಿಗೆ ನಾಚಿಕೆನೇ ಇಲ್ಲ, ಕಂಡಕಂಡವರನ್ನೆಲ್ಲ ಕೇಳ್ತಾನೆ" ಅಂತ ದೂರು ಬೇರೆ. ತಮ್ಮ ಹಣೆಬರಹವೇ ಸರಿಯಿಲ್ಲ, ಕೆಲಸ ಬಿಟ್ಟುಬಿಡಲಾ ಎಂಬುದು ಪ್ರಶ್ನೆ.

ಮೂರನೇ ಪುಟದ ಕೊನೆಯಲ್ಲಿ, ಸಂಬಳದ ಗೋಳಿನ ನಡುವೆ, ಒಂದು ಸಾಲು ನುಸುಳಿದೆ. "ಪ್ರತಿ ಯುಗಾದಿಗೂ ಮಾವ ಓನರ್‌ಗೆ ಫೋನ್ ಮಾಡಿ ಹೇಳ್ತಾರೆ, ಆದ್ರೂ 500 ರೂಪಾಯಿಗಿಂತ ಜಾಸ್ತಿ ಮಾಡಿಲ್ಲ."

ಅಯ್ಯೋ ತಮ್ಮಾ! ನಿಮ್ಮ ಸಂಬಳವನ್ನು ಮಾವ ಯಾಕೆ ಕೇಳಬೇಕು?

ಇದನ್ನು ಓದಿದ ಮೇಲೆ ಪತ್ರವನ್ನು ಮೊದಲಿಂದ ಓದಿದೆ, ಪೆನ್ಸಿಲ್ ಹಿಡಿದು. ಕೆಲಸ ಸಿಕ್ಕಿದ್ದು ಮಾವ ಹೇಳಿಸಿದ್ದರಿಂದ. ಪ್ರೋಗ್ರಾಮಿಂಗ್ ಕೋರ್ಸ್ ಇದೆ ಅಂತ ಹುಡುಕಿದ್ದು ಅಕ್ಕ. ಫೀಸ್ ಎಷ್ಟು ಅಂತ ವಿಚಾರಿಸುವ ಜವಾಬ್ದಾರಿ ಮತ್ತೆ ಮಾವನಿಗೆ. ಏಳು ತಿಂಗಳಾಯಿತು, ಅವರಿಗೆ ಇನ್ನೂ ಪುರುಸೊತ್ತಾಗಿಲ್ಲ. ನೀವು ಬರೆದಿರುವುದೆಲ್ಲ "ನನಗೆ ಸಿಗಲಿಲ್ಲ", "ನನಗೆ ಆಗಲಿಲ್ಲ", "ನನಗೆ ಯಾರೂ ಹೇಳಿಕೊಡಲಿಲ್ಲ". "ನಾನು ಕೇಳಿದೆ" ಅನ್ನುವುದು ಮೂರು ಪುಟದಲ್ಲಿ ಒಂದು ಕಡೆಯೂ ಇಲ್ಲ. ಹುಡುಕಿ ನೋಡಿ.

ಈ 'ಹೇಳಿಸೋದು' ನಮ್ಮವರಿಗೆ ಅಂಟಿದ ಚಾಳಿ. ಈ ಅಂಕಣ ಓದುವವರಿಗೆ ನನ್ನ ಈ ಗೊಣಗಾಟ ಹಳೆಯದೇ. ಸೀಟಿಗೆ ಹೇಳಿಸು, ಕೆಲಸಕ್ಕೆ ಹೇಳಿಸು, ಬಾಡಿಗೆ ಮನೆಗೂ ಹೇಳಿಸು. ನಾನೂ ಮೊದಲ ಕೆಲಸಕ್ಕೆ ಹೇಳಿಸಿಯೇ ಸೇರಿದವಳು. ಮೂರು ವರ್ಷ ಆಫೀಸಿನಲ್ಲಿ ನನಗೆ ಹೆಸರೇ ಇರಲಿಲ್ಲ. 'ಅವರ ಕಡೆ ಹುಡುಗಿ' ಅಷ್ಟೇ. ನೀವು ಓನರ್ ಕಣ್ಣಿಗೆ ಈಗಲೂ 'ಅವರ ಕಡೆ ಹುಡುಗ'. ಮಾವ ಫೋನ್ ಮಾಡಿದಾಗ ಅವರಿಗೆ ನೆನಪಾಗುವುದು ಹಳೇ ಸ್ನೇಹ, ನಿಮ್ಮ ಕೈಕೆಲಸ ಅಲ್ಲ. ಆ 500 ರೂಪಾಯಿ ಬರೀ ದಾಕ್ಷಿಣ್ಯಕ್ಕೆ ಕೊಟ್ಟದ್ದು.

ಇನ್ನು ಮಾವ. "ನೀನು ಸುಮ್ನಿರು, ನಾನು ಮಾತಾಡ್ತೀನಿ" ಎನ್ನುವ ಗಂಡಸರನ್ನು ಕಂಡರೆ ನನಗಾಗದು. ಅವರಿಗೆ ದೊಡ್ಡವರಾಗಿ ಕಾಣುವ ಖುಷಿ. ಆ ಖುಷಿಗೆ ಐದು ವರ್ಷ ತೆತ್ತವರು ನೀವು.

ಸೆಟ್ಟರ್ ಮೇಲೆ ಮಾತ್ರ ನನಗೆ ಕೋಪ ಬರಲಿಲ್ಲ. ನಮ್ಮ ಮನೆಯವರು ಮೂವತ್ತು ವರ್ಷ ಲೇತ್ ಮುಂದೆ ನಿಂತವರು, ಕೊನೆಕೊನೆಗೆ ಸಿಎನ್‌ಸಿಯನ್ನೂ ಕಲಿತರು. ಜಿ00 ಅನ್ನುವ ಆದೇಶ ಕೊಟ್ಟರೆ ಟೂಲ್ ಗಾಳಿಯಲ್ಲಿ ಭರ್ರನೆ ಓಡುತ್ತದೆ, ಜಿ01 ಕೊಟ್ಟರೆ ಹೇಳಿದ ವೇಗದಲ್ಲಿ ನೇರವಾಗಿ ಕಡಿಯುತ್ತದೆ ಅಂತ ಊಟದ ತಟ್ಟೆಯಲ್ಲಿ ಬೆರಳಿನಿಂದ ಬರೆದು ತೋರಿಸುತ್ತಿದ್ದರು. ಟೂಲ್ ಎಲ್ಲಿದೆ ಅಂತ ಯಂತ್ರಕ್ಕೆ ತಿಳಿಸುವ ಆಫ್‌ಸೆಟ್ ಅಂಕಿ ಹಾಕುವಾಗ ಒಂದು ಚುಕ್ಕಿ ಆಚೀಚೆ ಆದರೆ ಟೂಲ್ ಹೋಗಿ ಜಾಬ್ ಹಿಡಿದಿರುವ ಚಕ್‌ಗೆ ಬಡಿಯಬಹುದು. ಬೈಗುಳ ತಿನ್ನುವವನು ಸೆಟ್ಟರ್. ಏನೂ ಕೇಳದೆ ಹಿಂದೆ ಬಂದು ಇಣುಕಿದರೆ ಅವನು ಬೆನ್ನು ಅಡ್ಡ ಕೊಡದೆ ಇನ್ನೇನು ಮಾಡುತ್ತಾನೆ? ಬಾಯಿಬಿಟ್ಟು ಕೇಳಿದ ರಾಯಚೂರಿನ ಹುಡುಗನಿಗೆ ಹೇಳಿಕೊಟ್ಟಿದ್ದಾನಲ್ಲ.

ಎಲ್ಲ ತಪ್ಪೂ ನಿಮ್ಮದೇ ಎನ್ನುತ್ತಿಲ್ಲ. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಅದು ಸಿಗದಿದ್ದರೆ ತಪ್ಪು ಓನರ್‌ದು, ಅದಕ್ಕೆ ಬೇರೆ ಪತ್ರ ಬರೆಯಿರಿ. ಆದರೆ ನಿಮಗೆ ಸೆಟಿಂಗ್ ಕಲಿಯುವ ಆಸೆ ಇದೆ ಅಂತ ಅವರಿಗೆ ಕನಸು ಬೀಳಬೇಕಾ?

ಅಕ್ಕ ಹುಡುಕಿದ ಕೋರ್ಸ್ ರಾಜಾಜಿನಗರದ ಜಿಟಿಟಿಸಿಯದು ಅಂತ ಬರೆದಿದ್ದೀರಿ. ಅದು ಸರ್ಕಾರದ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು. ಪೀಣ್ಯದಲ್ಲಿ ಮೆಟ್ರೋ ಹತ್ತಿದರೆ ಅದೇ ಹಸಿರು ಮಾರ್ಗದಲ್ಲಿ ರಾಜಾಜಿನಗರ. ಫೀಸ್ ಕೇಳುವುದಕ್ಕೆ ರಾಯಭಾರಿ ಬೇಕಿಲ್ಲ. ಆದರೆ ಅದು ಎರಡನೇ ಮಾತು.

ಮೊದಲನೆಯದು ಒಂದೇ. ಕೆಲಸ ಬಿಡಬೇಡಿ. ಸೋಮವಾರ ಶಿಫ್ಟ್ ಶುರುವಾಗುವುದಕ್ಕೆ ಹತ್ತು ನಿಮಿಷ ಮೊದಲು ಓನರ್ ಮುಂದೆ ಹೋಗಿ ನಿಲ್ಲಿ. ಸಂಬಳದ ಮಾತು ಬೇಡ. "ಸಾರ್, ನಾನು ಸೆಟಿಂಗ್ ಕಲೀಬೇಕು. ವಾರದಲ್ಲಿ ಎರಡು ದಿನ ನನ್ನನ್ನ ಸೆಟ್ಟರ್ ಜೊತೆ ಹಾಕಿ" ಅನ್ನಿ. ಗಂಟಲು ಒಣಗುತ್ತದೆ, ಒಣಗಲಿ. ಆಗಲ್ಲ ಅಂದರೆ ಯಾಕೆ ಅಂತ ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ.

ಮನೆಯಲ್ಲಿ ಯಾರಿಗೂ ಮುಂಚೆ ಹೇಳಬೇಡಿ. ಭಾನುವಾರ ರಾತ್ರಿ ಮಾವ ಫೋನ್ ಮಾಡಿ "ಓನರ್ ಹತ್ರ ಒಂದ್ ಮಾತು ಹಾಕ್ಲೇನೋ?" ಅಂದರೆ, "ಊಟ ಆಯ್ತಾ ಮಾವ?" ಅಂತ ಕೇಳಿ ಮಾತು ಬದಲಿಸಿ.