ಸುಬಾಬುಲ್ ಸೊಪ್ಪಿನ ವಿಷವನ್ನು ಆಸ್ಟ್ರೇಲಿಯಾದ ದನಗಳು ಅರಗಿಸಿಕೊಂಡದ್ದು ಹೇಗೆ?

ಉತ್ತರ ಹವಾಯಿಯ ಮೇಕೆಗಳ ಹೊಟ್ಟೆಯಲ್ಲಿತ್ತು.

ಸುಬಾಬುಲ್ ಸೊಪ್ಪಿನಲ್ಲಿ ಪ್ರೋಟೀನ್ ಹೇರಳ, ಜೊತೆಗೆ ಮೈಮೋಸಿನ್ ಎಂಬ ವಿಷವೂ ಇದೆ. ಅತಿಯಾಗಿ ತಿಂದ ದನದ ಬಾಲದ ಕೂದಲು ಉದುರುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಮೈಮೋಸಿನ್ ಡಿಎಚ್‌ಪಿ ಎಂಬ ಇನ್ನೊಂದು ವಸ್ತುವಾಗಿ ಒಡೆಯುತ್ತದೆ. ಅದು ಥೈರಾಯ್ಡ್ ಗ್ರಂಥಿಯನ್ನು ಊದಿಸುತ್ತದೆ. ಆಸ್ಟ್ರೇಲಿಯಾದ ರೈತರಿಗೆ ಇದೇ ತಲೆನೋವಾಗಿತ್ತು.

ಅಲ್ಲಿನ ಸಿಎಸ್‌ಐಆರ್‌ಒ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯ ಹುಲ್ಲುಗಾವಲು ವಿಜ್ಞಾನಿ ರೇಮಂಡ್ ಜೋನ್ಸ್ ಅವರನ್ನು ಕಾಡಿದ್ದು ಸರಳ ಪ್ರಶ್ನೆ: ಅದೇ ಸೊಪ್ಪು ತಿಂದೂ ಹವಾಯಿಯ ಪ್ರಾಣಿಗಳು ಆರೋಗ್ಯವಾಗಿರುವುದೇಕೆ? ಗಿಡ ಒಂದೇ ಆದ್ದರಿಂದ ವ್ಯತ್ಯಾಸ ಹೊಟ್ಟೆಯಲ್ಲಿರಬೇಕು ಎಂದು 1981ರಲ್ಲಿ ಅವರು ಊಹಿಸಿದರು. ಹವಾಯಿಯ ಮೇಕೆಗಳ ರೂಮೆನ್‌ನ ಬ್ಯಾಕ್ಟೀರಿಯಾಗಳನ್ನು ಆಸ್ಟ್ರೇಲಿಯಾದ ಜಾನುವಾರುಗಳಿಗೆ ದಾಟಿಸಿದಾಗ, ಅವೂ ಡಿಎಚ್‌ಪಿಯನ್ನು ಒಡೆಯತೊಡಗಿದವು. ನಮ್ಮಲ್ಲಿ ಮೊಸರಿಗೆ ಹೆಪ್ಪು ಹಾಕಿದಂತೆಯೇ ಅನ್ನಿ! 1992ರಲ್ಲಿ ಆ ಬ್ಯಾಕ್ಟೀರಿಯಾಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಅವರದೇ ಹೆಸರಿಟ್ಟರು.

ಇಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಸುಬಾಬುಲ್ ಸಾಲುಗಳ ನಡುವೆ ಹುಲ್ಲು ಬೆಳೆಸಿ ದನಗಳನ್ನು ಅಲ್ಲಿಯೇ ಮೇಯಿಸುತ್ತಾರೆ. ಗಿಡದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಹುಲ್ಲಿಗೂ ಲಾಭ. ಮುಂದೆ ನಡೆದ ಅಧ್ಯಯನಗಳು, ಯಕೃತ್ತು ಕೂಡ ಡಿಎಚ್‌ಪಿಯ ಕಾಟವನ್ನು ತಗ್ಗಿಸುತ್ತದೆ ಎನ್ನುತ್ತವೆ. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಒಂದೇ ಸೂಕ್ಷ್ಮಾಣುವಿಗೆ ಕೊಡಲು ನನಗೆ ಮನಸ್ಸಿಲ್ಲ.

ನಮ್ಮ ಬದುವಿನ ಸುಬಾಬುಲ್ ಸೊಪ್ಪನ್ನು ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರದಂತೆ ಒಣಹುಲ್ಲಿನ ಜೊತೆ ಕೊಡಿ. ರೂಮೆನ್ ಇಲ್ಲದ ಕುದುರೆ, ಹಂದಿ, ಮೊಲಗಳಿಗೆ ಬೇಡವೇ ಬೇಡ.